‘ಕಿರ್’ ಎಂಬುದರ ಬೆನ್ನು ಹತ್ತಿ

ಮೊನ್ನೆ ಭಾನುವಾರದವರೆಗೆ, ಸರಿಯಾಗಿ ಮೂರು ವಾರ, ನನ್ನ ಸೈಕಲ್ಲು ‘ಕಿರ್’ ಎನ್ನುತ್ತಿತ್ತು. ಸದಾಕಾಲ ಹಾಗೆನ್ನುತ್ತಿದ್ದರೆ ಅದು ಅದರ ಹುಟ್ಟುಗುಣವೆಂದು ಒಪ್ಪಿಕೊಂಡು ಸುಮ್ಮನಾಗಿಬಿಡುತ್ತಿದ್ದೆ. ಆದರೆ ಅದು ಸಮತಟ್ಟಿನಲ್ಲಿ ಎನ್ನುತ್ತಿರಲಿಲ್ಲ, ಇಳಿಜಾರಿನಲ್ಲಿ ಎನ್ನುತ್ತಿರಲಿಲ್ಲ, ಮನೆಯಂಗಳದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಪೆಡಲನ್ನು ಕೈಯಿಂದ ತಿರುಗಿಸುತ್ತ ಕಿವಿಗೊಟ್ಟು ಕುಳಿತಾಗಲಂತೂ ತಪ್ಪಿಯೂ ಎನ್ನುತ್ತಿರಲಿಲ್ಲ. ಏರು ಬಂದು, ನನಗೆ ಮೇಲುಸಿರು ಹತ್ತಿ, ಬಲಗಾಲು ಪೆಡಲನ್ನು ಜೀವವೆಲ್ಲ ಬಿಟ್ಟು ಒತ್ತುವ ಗಳಿಗೆಗೆ ಸರಿಯಾಗಿ, ಸುತ್ತಿಗೊಂದರಂತೆ, ಲೆಕ್ಕ ತಪ್ಪದೆ ‘ಕಿರ್’.

ಪೇಟೆಯ ರಸ್ತೆಯಲ್ಲಾದರೆ ಇಷ್ಟು ಸಣ್ಣ ಸದ್ದು ಯಾರ ಕಿವಿಗೂ ಬೀಳದು. ನಮ್ಮ ಹವ್ಯಾಸವೋ, ಕಡಲಂಚಿನ ಗುಡ್ಡಗಳಲ್ಲಿ ಯಾರೂ ತುಳಿಯದ ಮಣ್ಣುಹಾದಿ, ಜಲ್ಲಿಹಾದಿಗಳನ್ನು ಹುಡುಕಿಕೊಂಡು ಹೋಗುವುದು. ಹೋಗುವುದೇ ನಿಶ್ಶಬ್ದದ ಆಸೆಗೆ. ಹಾರ್ನ್ ಇಲ್ಲದ, ಲಾರಿ ಇಲ್ಲದ, ಮನುಷ್ಯರ ಮಾತೇ ಇಲ್ಲದ ಅಂಥ ಜಾಗದಲ್ಲಿ ಒಂದು ‘ಕಿರ್’ಗೆ ದೊರೆಯುವ ಪ್ರಾಮುಖ್ಯ, ದೀಪ ಆರಿಸಿ ಮಲಗಿದ ಕೋಣೆಯಲ್ಲಿ ಒಂಟಿ ಸೊಳ್ಳೆಗೆ ದೊರೆಯುವಂಥದ್ದು.

ಗ್ರಾವೆಲ್ ಬೈಕ್, ಅಂದರೆ ಜಲ್ಲಿಹಾದಿಯ ಸೈಕಲ್ಲು, ಎಂಬ ಈ ಪ್ರಾಣಿಯನ್ನು ಓದುಗರು ನೋಡಿಯೇ ಇರುತ್ತೀರಿ. ಹ್ಯಾಂಡಲ್ಲು ರೇಸಿನ ಸೈಕಲ್ಲಿನಂತೆ ಕೊಂಬು ತಗ್ಗಿಸಿಕೊಂಡಿರುತ್ತದೆ, ಟೈರು ಮಾತ್ರ 40 ಮಿಲಿಮೀಟರಿನ ಆಚೀಚೆ. ರಸ್ತೆಯ ಸೈಕಲ್ಲಿನವರ ಕಣ್ಣಿಗೆ ಅದು ದಪ್ಪ, ಮೌಂಟನ್ ಬೈಕಿನವರ ಕಣ್ಣಿಗೆ ತೆಳು, ಹೀಗಾಗಿ ಎರಡೂ ಕಡೆಯವರಿಂದ ಉಪದೇಶ ಕೇಳುವ ಯೋಗ ಅದನ್ನು ಕೊಂಡವನದು. ಇದು ಹೊಸ ಶೋಕಿಯೆಂದು ಮನೆಯಲ್ಲಿ ಆಕ್ಷೇಪ ಬಂದಾಗ ನಾನು ಚರಿತ್ರೆಯ ಮೊರೆ ಹೋಗಿದ್ದೆ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಪೆಡಲೇ ಇಲ್ಲದ ತನ್ನ ಮರದ ಎರಡು ಗಾಲಿಯ ಗಾಡಿಯನ್ನು ಓಡಿಸಿದ್ದು ಡಾಂಬರಿನ ಮೇಲಲ್ಲ. 1903ರ ಮೊದಲ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನ ಸವಾರರೂ ದೂಳು ಕುಡಿಯುತ್ತಲೇ ಓಡಿದವರು. ಮೂಲತಃ ಎಲ್ಲ ಸೈಕಲ್ಲೂ ಗ್ರಾವೆಲ್ ಸೈಕಲ್ಲೇ, ನಡುವೆ ಡಾಂಬರು ಬಂದು ನಮಗೆ ಮರೆವು ಬಂತು. ಈಗ 2022ರಿಂದ ಇದಕ್ಕೆ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯುತ್ತಿದೆ ಎಂದೆಲ್ಲ ಭಾಷಣ ಮಾಡಿ ಖರೀದಿಗೆ ಒಪ್ಪಿಗೆ ಪಡೆದಿದ್ದೆ. ಇಷ್ಟೆಲ್ಲ ಹೇಳಿದ ಮೇಲೆ ಅದು ‘ಕಿರ್’ ಎನ್ನುತ್ತದೆಂದು ಅದೇ ಮನೆಯಲ್ಲಿ ಬಾಯಿಬಿಡುವಂತಿರಲಿಲ್ಲ.

ಏರು ಇದ್ದರೆ ತಾನೇ ‘ಕಿರ್’, ಏರಿಲ್ಲದ ಕಡೆ ಹೋಗಬಹುದಿತ್ತಲ್ಲ ಎನ್ನಬೇಡಿ. ದೊಡ್ಡ ಬೆಟ್ಟದಲ್ಲಾದರೆ ಒಮ್ಮೆ ಹತ್ತಿ ಒಮ್ಮೆ ಇಳಿದರೆ ಲೆಕ್ಕ ಚುಕ್ತಾ. ಗುಡ್ಡಗಳು ಕಡಲಿಗೇ ಕಾಲು ಚಾಚಿಕೊಂಡಿರುವ ಕಡೆ ಹಾಗಲ್ಲ. ಅಲ್ಲಿ ಪ್ರತಿಯೊಂದು ಪುಟ್ಟ ತೊರೆಯೂ ಕಡಲು ಸೇರುವ ಅವಸರದಲ್ಲಿ ತನ್ನದೇ ಒಂದು ಕಡಿದಾದ ಕಣಿವೆ ಕೊರೆದುಕೊಂಡಿರುತ್ತದೆ, ಕಡಲಿನ ಗುಂಟ ಸಾಗುವ ಹಾದಿ ಪ್ರತಿಯೊಂದಕ್ಕೂ ಇಳಿದು ಅದರ ಕ್ಷೇಮ ವಿಚಾರಿಸಿ ಮತ್ತೆ ಹತ್ತುತ್ತದೆ. ಹಾದಿಯ ಎತ್ತರ ಎಲ್ಲಿಯೂ 90 ಮೀಟರ್ ದಾಟದಿದ್ದರೂ ಅಂಥ ಹನ್ನೆರಡು ಕಣಿವೆ ಮುಗಿಸುವಷ್ಟರಲ್ಲಿ ಕಾಲಿನ ಖಾತೆಗೆ ಸಾವಿರ ಮೀಟರಿನ ಏರು ಜಮೆಯಾಗಿರುತ್ತದೆ. ಅದೂ ಸಡಿಲ ಜಲ್ಲಿಯ ಏರು. ಸೀಟಿನಿಂದ ಎದ್ದು ತುಳಿದರೆ ಹಿಂದಿನ ಚಕ್ರದ ಮೇಲಿನ ಭಾರ ತಪ್ಪಿ ಅದು ನಿಂತಲ್ಲೇ ಗರಗರನೆ ಸುತ್ತುತ್ತದೆ. ಹಿಂದಕ್ಕೆ ಸರಿದು ಕುಳಿತರೆ ಮುಂದಿನ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಎರಡರ ನಡುವೆ, ಸೀಟಿನ ಮೂಗಿನ ತುದಿಯಲ್ಲಿ ಕೂರಲೂ ಆಗದೆ ಏಳಲೂ ಆಗದೆ ನೇತಾಡುತ್ತಿರುವಾಗ ಕೆಳಗಿನಿಂದ ‘ಕಿರ್’ ಎಂದರೆ ಅದನ್ನು ಯಂತ್ರದ ಸದ್ದೆಂದು ಯಾರೂ ಭಾವಿಸಲಾರರು. ಅದು ಟೀಕೆ.

ಇನ್ನು ನನ್ನ ಸವಾರಿಯ ಸಂಗಾತಿಯ ವಿಷಯ. ಹಿರಿಯರು, ಸಜ್ಜನರು, ಸೈಕಲ್ಲಿನ ಸರ್ವ ರೋಗಕ್ಕೂ ಟೈರಿನ ಗಾಳಿಯೇ ಮೂಲವೆಂದು ನಂಬಿದವರು. ನನ್ನನ್ನು ಕಂಡೊಡನೆ ಮೊದಲು ಟೈರಿನ ಮೇಲೆ ಹೆಬ್ಬೆರಳಿಟ್ಟು, ಕಣ್ಣು ಮುಚ್ಚಿ, ನಾಡಿ ಹಿಡಿದ ವೈದ್ಯರಂತೆ ತುಸು ಹೊತ್ತು ನಿಂತು, ಆಮೇಲೆಯೇ “ಹೇಗಿದ್ದೀರಿ?” ಎನ್ನುತ್ತಾರೆ. ಗಾಳಿಯ ಒತ್ತಡ 35 ಪಿಎಸ್‌ಐ ಇರಬೇಕಾದಲ್ಲಿ 38 ಇದೆಯೆಂದು ಅವರ ಹೆಬ್ಬೆರಳು ಹೇಳುತ್ತದೆ, ಜೇಬಿನಿಂದ ಮಾಪಕ ತೆಗೆದು ನೋಡುತ್ತಾರೆ, ‘ಪುಸ್’ ಎಂದು ಬಿಡುತ್ತಾರೆ, 33ಕ್ಕೆ ಇಳಿಯುತ್ತದೆ, ಪಂಪು ತೆಗೆದು ಹೊಡೆಯುತ್ತಾರೆ, 37ಕ್ಕೆ ಏರುತ್ತದೆ, ಮತ್ತೆ ‘ಪುಸ್’. ಅವರು ಹೇಳುವುದು ಸುಳ್ಳೇನಲ್ಲ. ಗಾಳಿ ಕಡಿಮೆಯಿದ್ದರೆ ಟೈರು ಜಲ್ಲಿಯನ್ನು ತಬ್ಬಿಕೊಂಡು ಸಾಗುತ್ತದೆ, ಹೆಚ್ಚಾದರೆ ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತದೆ, ತೀರಾ ಕಡಿಮೆಯಾದರೆ ರಿಮ್ಮೇ ಹೋಗಿ ಕಲ್ಲಿಗೆ ಬಡಿಯುತ್ತದೆ. ಆದರೆ ಗಾಳಿಗೂ ‘ಕಿರ್’ಗೂ ಏನು ಸಂಬಂಧವೆಂದು ನಾನು ಕೇಳಿದ್ದಕ್ಕೆ ಅವರು ನನ್ನತ್ತ ಕನಿಕರದಿಂದ ನೋಡಿ, “ಮೊದಲು ಗಾಳಿ ಸರಿಯಾಗಲಿ” ಎಂದರು.

ಮೊದಲ ವಾರ ಗಾಳಿಯಲ್ಲೇ ಕಳೆಯಿತು. ಎರಡನೆಯ ವಾರ ಅವರ ಅನುಮಾನ ಸೀಟಿನ ಕಂಬದ ಮೇಲೆ ಹೋಗಿ, ಅದನ್ನು ಹೊರಗೆಳೆದು, ಕಡಲಗಾಳಿಯ ಉಪ್ಪನ್ನೂ ಸಣ್ಣ ಮರಳನ್ನೂ ಒರೆಸಿ, ಗ್ರೀಸು ಹಚ್ಚಿ ಕೂರಿಸಿದೆವು. ಅದೇ ಉತ್ಸಾಹದಲ್ಲಿ ಪೆಡಲುಗಳನ್ನೂ ಬಿಗಿಮಾಡಲು ಹೊರಟರು. ಎಡಗಡೆಯ ಪೆಡಲಿನ ಥ್ರೆಡ್ಡು ಉಲ್ಟಾ ಇರುತ್ತದೆಂಬುದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದಾಗ ಎಡ ಯಾವುದು ಬಲ ಯಾವುದು ಎಂಬ ಚರ್ಚೆ ಮುಗಿಯುವಷ್ಟರಲ್ಲಿ ಪೆಡಲು ಕಳಚಿ ಅವರ ಕೈಗೆ ಬಂದಿತ್ತು. ಮೂರನೆಯ ವಾರ ನಾನೇ ಗುಟ್ಟಾಗಿ ಬಾಟಮ್ ಬ್ರಾಕೆಟ್ಟಿನ, ಅಂದರೆ ಎರಡೂ ಪೆಡಲುಗಳನ್ನು ಹೊತ್ತ ಅಚ್ಚು ತಿರುಗುವ ಜಾಗದ, ಬೇರಿಂಗುಗಳನ್ನು ಬದಲಾಯಿಸಿಕೊಂಡು ಬಂದೆ. ಕೂತು ತುಳಿಯುವವರಿಗೆ ಯಾವ ಸದ್ದಾದರೂ ಕಾಲ ಬುಡದಿಂದಲೇ ಬಂದಂತೆ ಕೇಳುತ್ತದೆ. ಚೌಕಟ್ಟಿನ ಕೊಳವೆಗಳು ಟೊಳ್ಳು, ಎಲ್ಲಿಯೋ ಹುಟ್ಟಿದ್ದನ್ನು ಎಲ್ಲಿಗೋ ಸಾಗಿಸಿ ದೊಡ್ಡದು ಮಾಡಿ ಹೇಳುತ್ತವೆ. ಈ ಚಾಡಿಯನ್ನು ನಂಬಿ ಎಷ್ಟು ನಿರಪರಾಧಿ ಬೇರಿಂಗುಗಳು ಕಸದಬುಟ್ಟಿ ಸೇರಿವೆಯೋ.

ಬೇರಿಂಗು ಹೊಸದಾದರೂ ಮೊದಲ ಏರಿನಲ್ಲೇ ‘ಕಿರ್’ ಎಂದಿತು. ಆಗ ಸಂಗಾತಿ ತಮ್ಮ ಸೈಕಲ್ಲನ್ನು ಪೊದೆಗೆ ಒರಗಿಸಿ, “ನೀವು ತುಳಿಯುತ್ತಿರಿ, ನಾನು ಕೇಳುತ್ತೇನೆ” ಎಂದರು. ಏರಿನಲ್ಲಿ ನನ್ನ ವೇಗ ನಡೆಯುವವರಿಗಿಂತ ಬಹಳ ಹೆಚ್ಚೇನೂ ಇರಲಿಲ್ಲವಾದ್ದರಿಂದ ಅವರು ಸೊಂಟ ಬಗ್ಗಿಸಿ, ಬಲಗಿವಿಯನ್ನು ನನ್ನ ಬಲಪಾದದ ಪಕ್ಕಕ್ಕೆ ತಂದು, ಪಾದ ಮೇಲೆ ಹೋದಾಗ ತಾವೂ ಮೇಲೇಳುತ್ತ, ಕೆಳಗಿಳಿದಾಗ ತಾವೂ ಕುಗ್ಗುತ್ತ, ಜೊತೆಜೊತೆಗೆ ಅಡ್ಡಡ್ಡವಾಗಿ ಓಡತೊಡಗಿದರು. ‘ಕಿರ್’ ಎಂದಾಗಲೆಲ್ಲ “ಹೂಂ” ಎಂದರು. ಮೂರು ವಾರಗಳಲ್ಲಿ ಆ ಹಾದಿಯಲ್ಲಿ ಒಬ್ಬ ನರಪಿಳ್ಳೆಯನ್ನೂ ನಾವು ಕಂಡಿರಲಿಲ್ಲ. ಆ ಕ್ಷಣಕ್ಕೆ ಸರಿಯಾಗಿ ತಿರುವಿನಿಂದ ಒಬ್ಬರು ನಾಯಿಯನ್ನು ಹಿಡಿದುಕೊಂಡು ಇಳಿದು ಬಂದರು. ನಾಯಿ ಮೊದಲು ನಿಂತಿತು, ಆಮೇಲೆ ಅವರು ನಿಂತರು. ಏನಾದರೂ ಹೇಳಲೇಬೇಕೆನಿಸಿ ನಾನು “ಸದ್ದು ಹುಡುಕುತ್ತಿದ್ದೇವೆ” ಎಂದೆ. ಅವರು ತಲೆಯಾಡಿಸಿ ನಾಯಿಯನ್ನು ತಮ್ಮ ಹತ್ತಿರಕ್ಕೆ ಎಳೆದುಕೊಂಡರು. ನಾಯಿಗೆ ದಾರಿ ಬಿಡಲೆಂದು ನಾನು ನಿಲ್ಲಿಸಲು ಹೋದೆ. ನಮ್ಮ ಬೂಟುಗಳು ಪೆಡಲಿಗೆ ಕೊಂಡಿಯಿಂದ ಕಚ್ಚಿಕೊಂಡಿರುತ್ತವೆ. ಬಿಡಿಸಿಕೊಳ್ಳಬೇಕೆಂದರೆ ಹಿಮ್ಮಡಿಯನ್ನು ಹೊರಕ್ಕೆ ತಿರುಚಬೇಕು. ಹೊರಗೆ ಸಂಗಾತಿಯ ತಲೆ ಇತ್ತು. ತಿರುಚಿದರೆ ಅವರ ಕಿವಿಗೆ ಒದೆ, ತಿರುಚದಿದ್ದರೆ ಪತನ ಎಂಬ ಧರ್ಮಸಂಕಟದಲ್ಲಿ ನಾನು ಇನ್ನೂ ಯೋಚಿಸುತ್ತಿರುವಾಗಲೇ ಸೈಕಲ್ಲು ತನ್ನ ತೀರ್ಮಾನ ತೆಗೆದುಕೊಂಡು, ಕಡಿದ ಮರದಂತೆ, ಬಹಳ ನಿಧಾನವಾಗಿ, ನನ್ನ ಸಮೇತ ಅವರ ಮೇಲೆ ಒರಗಿತು. ಕೆಳಗಿನಿಂದ ಅವರ ಧ್ವನಿ ಕೇಳಿಬಂತು: “ಗಾಳಿ ಸ್ವಲ್ಪ ಹೆಚ್ಚಾಗಿದೆ.” ಅವರ ಹೆಬ್ಬೆರಳು ಟೈರಿನ ಮೇಲೆ ಸಿಕ್ಕಿಕೊಂಡಿತ್ತು.

ಮಂಡಿ ತರಚಿದ್ದರಿಂದ ಉಳಿದ ಏರನ್ನು ಸೈಕಲ್ಲು ತಳ್ಳಿಕೊಂಡೇ ಹತ್ತಿದೆ. ತಳ್ಳುವುದು ಮರ್ಯಾದೆಗೆ ಕಡಿಮೆಯೆಂದು ಮೂರು ವಾರ ಹಟ ಹಿಡಿದು ತುಳಿದವನು ನಾನು. ನಾಲ್ಕು ಹೆಜ್ಜೆ ಹೋಗಿದ್ದೆನೋ ಇಲ್ಲವೋ, ‘ಕಿರ್’. ಪೆಡಲು ತಿರುಗುತ್ತಿಲ್ಲ, ಸೀಟಿನ ಮೇಲೆ ಯಾರೂ ಇಲ್ಲ, ಆದರೂ ಬಲಗಾಲು ಊರಿದಾಗಲೆಲ್ಲ ‘ಕಿರ್’. ಬೂಟು ಕಳಚಿ ಮಗುಚಿ ನೋಡಿದರೆ, ಅಟ್ಟೆಯ ಕೆಳಗಿನ ಕೊಂಡಿಯನ್ನು ಹಿಡಿದಿಡುವ ಎರಡು ಸ್ಕ್ರೂಗಳಲ್ಲಿ ಒಂದು ಸಡಿಲವಾಗಿ, ಸಂದಿಯಲ್ಲಿ ಮರಳು ತುಂಬಿಕೊಂಡಿತ್ತು. ಅಲೆನ್ ಕೀಯಿಂದ ಅರ್ಧ ಸುತ್ತು, ಅಷ್ಟೇ. “ಸೈಕಲ್ಲಿನಲ್ಲಿ ದೋಷವಿಲ್ಲವೆಂದು ನಾನು ಆಗಲೇ ಹೇಳಿದ್ದೆನಲ್ಲ” ಎಂದರು ಸಂಗಾತಿ. ಅವರು ಹೇಳಿರಲಿಲ್ಲ. ಹೊಸ ಬೇರಿಂಗಿನ ರಸೀದಿ ನನ್ನ ಜೇಬಿನಲ್ಲೇ ಇತ್ತು.

ಮುಂದಿನ ಕಣಿವೆಯನ್ನು ನಾನು ಸದ್ದಿಲ್ಲದೆ ಹತ್ತಿದೆ. ಗುಡ್ಡದ ಒಳಮಡಿಕೆಯಲ್ಲಿ ಸಾಗುವಾಗ ಟೈರಿನಡಿಯ ಜಲ್ಲಿಯ ಕರಕರ, ನನ್ನ ಉಸಿರು, ಇನ್ನೇನೂ ಇಲ್ಲ. ಹಾದಿ ಗುಡ್ಡದ ಮೂಗನ್ನು ಸುತ್ತಿ ಹೊರಕ್ಕೆ ತಿರುಗಿದೊಡನೆ ಬಾಗಿಲು ತೆರೆದಂತೆ ಕಡಲಿನ ಮೊರೆತ ಮೇಲಕ್ಕೆ ಬಂತು. ಮತ್ತೆ ಒಳಕ್ಕೆ ತಿರುಗಿದಾಗ ಬಾಗಿಲು ಮುಚ್ಚಿಕೊಂಡಿತು. ಮೂರು ಭಾನುವಾರ ಇದೇ ಹಾದಿಯಲ್ಲಿ ಹೋಗಿದ್ದರೂ ಕಡಲನ್ನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲವೆಂಬುದು ಹೊಳೆದು ಸ್ವಲ್ಪ ಬೇಸರವಾಯಿತು. ಮುಂದೊಂದು ತಿರುವಿನಲ್ಲಿ ಬಾಗಿಲು ಮತ್ತೆ ತೆರೆಯುವುದೆಂದು ಕಿವಿ ನಿಮಿರಿಸಿಕೊಂಡು ಹೋಗುತ್ತಿರುವಾಗಲೇ ಹಿಂದಿನಿಂದ, ಬಹಳ ಸಣ್ಣದಾಗಿ, ಸುತ್ತಿಗೊಂದರಂತೆ, ‘ಟಿಕ್’ ಎಂದದ್ದು ಕೇಳಿಸಿತು. ಸಂಗಾತಿಯ ಸೈಕಲ್ಲು. ಅವರಿಗೆ ಅದು ಇನ್ನೂ ಕೇಳಿಸಿದಂತಿರಲಿಲ್ಲ. ಹೇಳಿದರೆ, ಸೊಂಟ ಬಗ್ಗಿಸಿ ಅವರ ಪಾದದ ಪಕ್ಕದಲ್ಲಿ ಓಡುವ ಸರದಿ ನನ್ನದು, ಮತ್ತು ಎದುರಿಗಿದ್ದದ್ದು ಆ ದಿನದ ಅತಿ ಕಡಿದಾದ ಏರು. ನಾನು ಒಂದು ಗೇರು ಇಳಿಸಿ, ಟೈರಿನ ಗಾಳಿ ಈಗ ಬಹಳ ಚೆನ್ನಾಗಿದೆಯೆಂದು ಗಟ್ಟಿಯಾಗಿ ಹೇಳಿ, ಮುಂದೆ ಹೋದೆ.