ತದಡಿ ಬಂದರಿನಲ್ಲಿ ವಿಚಾರಿಸುತ್ತಾರೆ, ದುಬೈಯಲ್ಲಿ ಫೋನ್ ನೋಡುತ್ತಾರೆ

ಜುಲೈ ಕೊನೆ ಬಂತೆಂದರೆ ನಮ್ಮ ಉತ್ತರ ಕನ್ನಡದ ತದಡಿ ಬಂದರಿನಲ್ಲಿ ಬೋಟ್ ಮಾಲೀಕರಿಗೆ ಜನ ಹುಡುಕುವ ಗಡಿಬಿಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಹೋಗುವಂತಿಲ್ಲ. ಆಗಸ್ಟಿನಲ್ಲಿ ಇಳಿಯಬೇಕಾದರೆ ಅಷ್ಟರೊಳಗೆ ಬೋಟ್ ನಡೆಸುವ ತಂಡೇಲ ಬೇಕು, ದುಡಿಯುವ ಕಲಾಸಿಗಳು ಬೇಕು. ಬಯೋಡಾಟಾ ಯಾರೂ ಕೇಳುವುದಿಲ್ಲ. ಚಾ ಅಂಗಡಿಯಲ್ಲಿ, ಬಲೆ ಹೊಲಿಯುವಲ್ಲಿ ವಿಚಾರಿಸುತ್ತಾರೆ. "ಆ ಹುಡುಗ ಹೆಂಗೆ ಮಾರಾಯಾ? ಮುಂಗಡ ತಕಂಡು ನಡು ಸೀಸನ್ನಲ್ಲಿ ಓಡಿ ಹೋಗುವವನಾ?" ಉತ್ತರ ಕೊಡುವವನಿಗೆ ಹುಡುಗನ ಅಪ್ಪನೂ ಗೊತ್ತು, ಅವನು ಹೋದ ವರ್ಷ ಯಾರ ಬೋಟಿನಲ್ಲಿದ್ದ ಎಂಬುದೂ ಗೊತ್ತು. "ಬಾಯಿ ಸ್ವಲ್ಪ ಹೊಲಸು. ದುಡಿಮೆಗೆ ಮಾತ್ರ ತಪ್ಪುವವನಲ್ಲ" ಅಂದರೆ ಮುಗಿಯಿತು, ಕೆಲಸ ಸಿಕ್ಕಿತು.

ದುಬೈಯಲ್ಲಿ ಕೆಲಸ ಕೊಡುವವರಿಗೆ ಹುಡುಗ ಫೋನಿನಲ್ಲಿ ಬರೆದು ಹಾಕಿದ್ದು, ಅಂದರೆ ಈ ಮಾತಿನ ಮೊದಲರ್ಧ ಮಾತ್ರ ಕಾಣುತ್ತದೆ. ಎರಡನೇ ಅರ್ಧ ಹೇಳುವವರು ಯಾರೂ ಇಲ್ಲ.

ನಾನಿರುವುದು ಕಟ್ಟಡಗಳಿಗೆ ಎಸಿ, ವೈರಿಂಗ್ ಮಾಡಿಕೊಡುವ ಕಂಪನಿಯಲ್ಲಿ. ನಮ್ಮ ಕಡೆಯ ಅರ್ಜಿ ಬಂದರೆ ನನ್ನನ್ನೂ ಕರೆದು ಕೂರಿಸುತ್ತಾರೆ. ಐಟಿಐ ಮುಗಿಸಿದ ಅಂಕೋಲೆಯ ಹುಡುಗ, ಡಿಪ್ಲೊಮಾ ಮಾಡಿದ ಹೊನ್ನಾವರದ ಹುಡುಗ. ಸರ್ಟಿಫಿಕೇಟ್ ಎಲ್ಲ ಸರಿಯಾಗಿಯೇ ಇರುತ್ತದೆ. ಆಮೇಲೆ ಕಂಪನಿಗೆ ಜನ ಆರಿಸುವ ಎಚ್‌ಆರ್‌ನವರು ಫೇಸ್‌ಬುಕ್‌ನಲ್ಲಿ ಹೆಸರು ಹಾಕಿ ಹುಡುಕುತ್ತಾರೆ. ಎಷ್ಟೋ ಸಲ ಹುಡುಕುವ ಕಷ್ಟವೂ ಬೇಡ. ಇಲ್ಲಿ ಇಂಟರ್‌ವ್ಯೂ ಟೈಮ್ ಹೇಳುವುದು, ಪಾಸ್‌ಪೋರ್ಟ್ ಕಾಪಿ ತರಿಸುವುದು ಎಲ್ಲ ವಾಟ್ಸಾಪ್‌ನಲ್ಲೇ. ನಂಬರ್ ಸೇವ್ ಮಾಡಿದ ಕೂಡಲೇ ಡಿಪಿ ಕಾಣುತ್ತದೆ. ಡಿಪಿಯಲ್ಲಿ ತಲವಾರು ಹಿಡಿದು ನಿಂತವನನ್ನು ಯಾವ ಸೈಟ್ ಎಂಜಿನಿಯರ್ ಕರೆಸಿಕೊಳ್ಳುತ್ತಾನೆ ಹೇಳಿ?

ಒಬ್ಬ ಹುಡುಗನ ವಿಷಯ ಹೇಳಲೇಬೇಕು. ಊರು ಬೇಡ, ಹೆಸರೂ ಬೇಡ. ಫೋನಿನಲ್ಲಿ ಮಾತಾಡಿದಾಗ ಬಹಳ ಮೆತ್ತಗಿನ ಹುಡುಗ, ಪ್ರತಿ ಮಾತಿಗೂ "ಹೌದು ಸರ್". ಫೇಸ್‌ಬುಕ್‌ನಲ್ಲಿ ನೋಡಿದರೆ ಒಂದು ಸುದ್ದಿ ಪೇಜಿನ ಕೆಳಗೆ ಇನ್ನೊಂದು ಧರ್ಮದ ಹೆಂಗಸರ ಬಗ್ಗೆ ಬರೆಯಬಾರದ್ದನ್ನು ಬರೆದಿದ್ದ. ಅದೂ ಒಂದೆರಡು ಕಡೆ ಅಲ್ಲ. ನಮ್ಮ ಎಚ್‌ಆರ್‌ನಲ್ಲಿ ಮಂಗಳೂರಿನ ಒಬ್ಬರು ಹೆಣ್ಣುಮಗಳಿದ್ದಾರೆ, ಮುಸ್ಲಿಂ. ಅವರೇ ಓದಿದರು. ಏನೂ ಹೇಳಲಿಲ್ಲ, ಫೈಲ್ ಪಕ್ಕಕ್ಕಿಟ್ಟರು. ಹುಡುಗನಿಗೆ ಕಾರಣ ಯಾರೂ ತಿಳಿಸಲಿಲ್ಲ. ಎಂದೂ ತಿಳಿಸುವುದಿಲ್ಲ. ಇಷ್ಟು ಹೊತ್ತಿಗೆ ಅವನು, ದುಬೈಯಲ್ಲಿ ಎಲ್ಲ ಮಲಯಾಳಿಗಳದ್ದೇ ಲಾಬಿ ಅಂತ ಊರಲ್ಲಿ ಹೇಳಿಕೊಂಡು ತಿರುಗುತ್ತಿರಬಹುದು.

ನಮ್ಮ ಹುಡುಗರ ತಲೆಯಲ್ಲಿ ಕೆಲವು ತಪ್ಪು ನಂಬಿಕೆಗಳು ಕೂತಿವೆ. ಕನ್ನಡದಲ್ಲಿ ಬೈದರೆ ಯಾರಿಗೆ ಗೊತ್ತಾಗುತ್ತದೆ ಎಂಬುದು ಒಂದು. ದುಬೈಯ ಆಫೀಸುಗಳಲ್ಲಿ ಮಂಗಳೂರು, ಉಡುಪಿ, ಕಾಸರಗೋಡಿನವರು ತುಂಬಿಕೊಂಡಿದ್ದಾರೆ. ಅವರಿಲ್ಲದಿದ್ದರೂ ಅನುವಾದದ ಬಟನ್ ಇದೆ. ಇದಕ್ಕಿಂತ ಅಪಾಯದ ನಂಬಿಕೆ ಪ್ರೊಫೈಲ್ ಲಾಕ್‌ನದ್ದು. ಫೇಸ್‌ಬುಕ್ ಈ ಸೌಲಭ್ಯವನ್ನು 2020ರಲ್ಲಿ ಭಾರತದಲ್ಲಿ ಕೊಟ್ಟಿತು. ಲಾಕ್ ಹಾಕಿದರೆ ನಿಮ್ಮ ಗೋಡೆ, ನಿಮ್ಮ ಫೋಟೊ ಪರರಿಗೆ ಕಾಣುವುದಿಲ್ಲ, ನಿಜ. ಆದರೆ ಸುದ್ದಿ ಚಾನೆಲ್‌ನ ಪೇಜಿನಲ್ಲಿ ನೀವು ಹಾಕಿದ ಕಮೆಂಟ್ ಯಾರಿಗೆ ಕಾಣಬೇಕು ಎಂಬುದು ಆ ಪೇಜಿನ ಪೋಸ್ಟಿಗೆ ಸೇರಿದ್ದು. ಪೋಸ್ಟ್ ಎಲ್ಲರಿಗೂ ಕಂಡರೆ ಕಮೆಂಟೂ ಎಲ್ಲರಿಗೂ ಕಾಣುತ್ತದೆ. ಬೈಗುಳ ಇರುವುದೂ ಜಾಸ್ತಿ ಅಲ್ಲೇ ಅಲ್ವಾ? ಇನ್ನು ಅಳಿಸಿದರಾಯಿತು ಅನ್ನುವವರಿದ್ದಾರೆ. ಅಳಿಸುವ ಮೊದಲು ಯಾರೋ ಒಬ್ಬ ಸ್ಕ್ರೀನ್‌ಶಾಟ್ ತೆಗೆದಿದ್ದರೆ ಏನು ಮಾಡುತ್ತೀರಿ?

ಇಲ್ಲಿನವರು ಬಾಯಿ ಹಿಡಿದು ಬರೆಯುವುದು ಸಜ್ಜನಿಕೆ ಹೆಚ್ಚಿದ್ದಕ್ಕಲ್ಲ, ಕಾನೂನಿನ ಹೆದರಿಕೆಗೆ. 2022ರ ಜನವರಿಯಿಂದ ಜಾರಿಯಲ್ಲಿರುವ ಯುಎಇಯ ಸೈಬರ್ ಕಾನೂನಿನಲ್ಲಿ ಆನ್‌ಲೈನ್‌ನಲ್ಲಿ ಒಬ್ಬರನ್ನು ಬೈದು ಅವಮಾನಿಸಿದರೆ ಜೈಲು, ಎರಡೂವರೆ ಲಕ್ಷದಿಂದ ಐದು ಲಕ್ಷ ದಿರ್ಹಮ್‌ವರೆಗೆ ದಂಡ. ಎರಡರಲ್ಲಿ ಒಂದಾದರೂ ತಪ್ಪಿದ್ದಲ್ಲ. ವಾಟ್ಸಾಪ್‌ನಲ್ಲಿ ಒಬ್ಬರಿಗೊಬ್ಬರು ಕಳಿಸಿದ ಮೆಸೇಜಿಗೂ ದೂರು ಕೊಡಬಹುದು. ಹೊರದೇಶದವನಾದರೆ ಗಡೀಪಾರು ಮಾಡಲೂ ಕೋರ್ಟಿಗೆ ಅಧಿಕಾರ ಇದೆ. ದಿರ್ಹಮ್ ಲೆಕ್ಕವನ್ನು ರೂಪಾಯಿಗೆ ಗುಣಿಸಿ ನೋಡಿದವನು ಟೈಪ್ ಮಾಡುವ ಮೊದಲು ಒಂದು ಸಲ ನಿಲ್ಲುತ್ತಾನೆ.

2020ರ ಏಪ್ರಿಲ್, ಮೇ ತಿಂಗಳು ಇಲ್ಲಿದ್ದವರಿಗೆ ಚೆನ್ನಾಗಿ ನೆನಪಿರುತ್ತದೆ. ಕೋವಿಡ್‌ನ ಹೊತ್ತು. ಮುಸ್ಲಿಮರ ಬಗ್ಗೆ ದ್ವೇಷದ ಪೋಸ್ಟ್ ಹಾಕಿದ ಕೆಲವು ಭಾರತೀಯರ ಕೆಲಸ ಒಂದರ ಹಿಂದೊಂದು ಹೋಯಿತು. ಎಲ್ಲರೂ ದೊಡ್ಡ ಕುರ್ಚಿಯವರಲ್ಲ. ಅಡುಗೆಯವ, ಸ್ಟೋರ್ ಕೀಪರ್, ಕ್ಯಾಷಿಯರ್ ಕೂಡ ಅದರಲ್ಲಿದ್ದರು. ಆಗ ನಮ್ಮ ರಾಯಭಾರಿಯಾಗಿದ್ದ ಪವನ್ ಕಪೂರ್ ಅವರೇ, ತಾರತಮ್ಯ ನಮ್ಮ ನೀತಿಗೂ ಕಾನೂನಿಗೂ ವಿರುದ್ಧ, ಇಲ್ಲಿರುವ ಭಾರತೀಯರು ಅದನ್ನು ಮರೆಯಬಾರದು ಎಂದು ಟ್ವೀಟ್ ಮಾಡಬೇಕಾಯಿತು. ಸಾಲ ಮಾಡಿ ಬಂದವನಿಗೆ ಒಂದು ಪೋಸ್ಟಿನಿಂದ ವಾಪಸ್ ಟಿಕೆಟ್!

ನಮ್ಮ ಕರಾವಳಿಯವರಿಗೆ ಇದು ಇನ್ನೂ ಹತ್ತಿರದ ಸಂಗತಿ. ಭಟ್ಕಳದ ನವಾಯತ ಮುಸ್ಲಿಮರು ದುಬೈ ವ್ಯಾಪಾರದಲ್ಲಿ ಬಹಳ ಕಾಲದಿಂದ ಇದ್ದಾರೆ. ಇಲ್ಲಿನ ಹಳೆಯ ಪೇಟೆ ದೇರಾದಲ್ಲಿ ಅವರ ಅಂಗಡಿಗಳಿಗೆ ಹೋದರೆ ಹೊನ್ನಾವರ, ಕುಮಟಾದ ಹುಡುಗರು ಕೆಲಸ ಮಾಡುವುದು ಕಾಣುತ್ತದೆ. ಹಿಂದೂ ಹುಡುಗರೂ ಇದ್ದಾರೆ. "ನಮ್ಮೂರ ಬದಿಯವ" ಎಂಬ ಒಂದೇ ಕಾರಣಕ್ಕೆ ಕರೆದು ಕೆಲಸ ಕೊಡುವುದಿದೆ. ಊರಲ್ಲಿ ಕೂತು ಆ ಜನವನ್ನೇ ಬೈದು, ಆಮೇಲೆ ಅದೇ ಜನದ ಕೈಯಲ್ಲಿ ವೀಸಾ ಕೇಳುವುದು ಹೇಗಾಗುತ್ತದೆ? ಇದನ್ನು ಒಂದೇ ಕಡೆಗೆ ಹೇಳುತ್ತಿಲ್ಲ. ಈ ಕಡೆಯವರನ್ನು ಹೊಲಸಾಗಿ ಬೈಯುವ ಆ ಕಡೆಯ ಹುಡುಗರೂ ಇದ್ದಾರೆ. ನಮ್ಮ ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರ್ ಹಿಂದೂ. ಅವರಿಗೂ ಫೇಸ್‌ಬುಕ್ ತೆರೆಯಲು ಬರುತ್ತದೆ.

2017ರ ಡಿಸೆಂಬರನ್ನು ನಮ್ಮ ಜಿಲ್ಲೆಯವರು ಮರೆತಿರಲಿಕ್ಕಿಲ್ಲ. ಹೊನ್ನಾವರದಲ್ಲಿ ಒಬ್ಬ ಯುವಕನ ಸಾವು. ಅದರ ಸುತ್ತ ಫೋನಿನಿಂದ ಫೋನಿಗೆ ಏನೇನೋ ಹರಿದಾಡಿತು. ಕುಮಟಾದಲ್ಲಿ, ಶಿರಸಿಯಲ್ಲಿ ಗಲಾಟೆ, ಕಲ್ಲು, ಬೆಂಕಿ. ಅದು ಆಕಸ್ಮಿಕ ಸಾವು ಎಂದು 2022ರಲ್ಲಿ ಸಿಬಿಐ ಕೋರ್ಟಿಗೆ ವರದಿ ಕೊಟ್ಟಿತು. ಅಷ್ಟರಲ್ಲಿ ಸುಮಾರು ಹುಡುಗರ ಮೇಲೆ ಕೇಸ್ ಬಿದ್ದಾಗಿತ್ತು. ಒಂದು ಫಾರ್ವರ್ಡ್ ನೋಡಿ ಬೀದಿಗಿಳಿಯುವವನಿಗೆ ಆ ಹೊತ್ತಿನಲ್ಲಿ ಪಾಸ್‌ಪೋರ್ಟ್ ನೆನಪಾಗುವುದಿಲ್ಲ. ಕ್ರಿಮಿನಲ್ ಕೇಸ್ ಕೋರ್ಟಿನಲ್ಲಿ ನಡೆಯುತ್ತಿದ್ದರೆ 1967ರ ಪಾಸ್‌ಪೋರ್ಟ್ ಕಾಯ್ದೆಯಂತೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಕೋರ್ಟಿನ ಅನುಮತಿ ತಂದರೆ ಕೊಡುತ್ತಾರೆ, ಅದೂ ಕೋರ್ಟ್ ಹೇಳಿದಷ್ಟು ಅವಧಿಗೆ. ಅವಧಿ ಹೇಳದಿದ್ದರೆ ಒಂದು ವರ್ಷಕ್ಕೆ. ಗಲ್ಫಿಗೆ ಹೋಗಬೇಕೆಂದಿದ್ದ ಹುಡುಗ ವಕೀಲರ ಹಿಂದೆ ಅಲೆಯಬೇಕು.

ಘಟ್ಟದ ಮೇಲಿನವರು ಇದು ಗಲ್ಫಿನ ಕತೆ, ನಮಗಲ್ಲ ಎನ್ನಬಹುದು. ಶಿರಸಿ, ಸಿದ್ದಾಪುರದ ಮಕ್ಕಳು ಜಾಸ್ತಿ ಬೆಂಗಳೂರು, ಅಮೆರಿಕ ಅಂತ ಹೋಗುವವರು. ಅಮೆರಿಕದ ವೀಸಾ ಅರ್ಜಿಯಲ್ಲಿ ಹಿಂದಿನ ಐದು ವರ್ಷಗಳ ಸೋಶಿಯಲ್ ಮೀಡಿಯಾ ಖಾತೆಗಳ ಹೆಸರನ್ನು 2019ರಿಂದಲೇ ಕೇಳುತ್ತಿದ್ದಾರೆ. 2025ರ ಡಿಸೆಂಬರ್‌ನಿಂದ ಅಲ್ಲಿನ ಕೆಲಸದ ವೀಸಾ ಎಚ್-1ಬಿಗೆ ಹೋಗುವವರು ಖಾತೆಯನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಬೆಂಗಳೂರಿನಲ್ಲೇ 2024ರ ಅಕ್ಟೋಬರ್‌ನಲ್ಲಿ ಒಬ್ಬ, ಮಹಿಳೆಯೊಬ್ಬರ ಬಟ್ಟೆಯ ವಿಷಯಕ್ಕೆ ಆಸಿಡ್ ಹಾಕುವ ಬೆದರಿಕೆ ಮೆಸೇಜ್ ಕಳಿಸಿದ. ಆಕೆಯ ಗಂಡ ಅದನ್ನು ಎಲ್ಲರ ಮುಂದೆ ಇಟ್ಟರು. ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು. ಇದರಲ್ಲಿ ನನಗೆ ಎರಡು ಮಾತಿಲ್ಲ. ಅಂಥವನ ಪಕ್ಕದ ಕುರ್ಚಿಯಲ್ಲಿ ಯಾವ ಹೆಣ್ಣುಮಗಳು ಕೂತು ಕೆಲಸ ಮಾಡಬೇಕು?

ಹಾಗಂತ ದುಬೈಯ ಕಾನೂನು ನಮ್ಮಲ್ಲೂ ಬರಲಿ ಎಂದರೆ ನಾನು ಒಪ್ಪುವುದಿಲ್ಲ. ಇಲ್ಲಿ ಬೈಯುವವನೂ ಸುಮ್ಮನಿರುತ್ತಾನೆ, ನ್ಯಾಯ ಕೇಳುವವನೂ ಸುಮ್ಮನಿರುತ್ತಾನೆ. ಸಂಬಳ ಮೂರು ತಿಂಗಳು ಬಾರದಿದ್ದರೂ ಕಂಪನಿಯ ಹೆಸರು ಹಾಕಿ ಬರೆಯಲು ಹೆದರುವವರನ್ನು ನೋಡಿದ್ದೇನೆ. ನಮ್ಮಲ್ಲೂ ಅಂಥ ಕಾನೂನಿನ ರುಚಿ ಕಂಡಿದ್ದೇವೆ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಬಂದ್ ಬಗ್ಗೆ ಒಂದು ಪೋಸ್ಟ್ ಬರೆದ ಹುಡುಗಿಯನ್ನೂ, ಅದಕ್ಕೆ ಲೈಕ್ ಒತ್ತಿದವಳನ್ನೂ ಪೊಲೀಸರು ಬಂಧಿಸಿದ್ದರು. ಅವರ ಮೇಲೆ ಹಾಕಿದ್ದ ಐಟಿ ಕಾಯ್ದೆಯ 66ಎ ಕಲಮನ್ನು 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕಿತ್ತು ಹಾಕಿದ್ದು ಒಳ್ಳೆಯದೇ ಆಯಿತು. 2023ರ ಮೇ ತಿಂಗಳಲ್ಲಿ ಹೊಸದುರ್ಗ ತಾಲೂಕಿನ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು, ಯಾವ ಮುಖ್ಯಮಂತ್ರಿಯ ಕಾಲದಲ್ಲಿ ಎಷ್ಟು ಸಾಲವಾಯಿತು ಎಂದು ಫೇಸ್‌ಬುಕ್‌ನಲ್ಲಿ ಬರೆದು ಸಸ್ಪೆಂಡ್ ಆದರು. ಸರ್ಕಾರಿ ನೌಕರರ ನಡತೆ ನಿಯಮ ಇದೆ, ಗೊತ್ತು. ಆದರೂ ಸಾಲದ ಲೆಕ್ಕ ಹೇಳಿದವರನ್ನೂ ಆಸಿಡ್ ಬೆದರಿಕೆ ಹಾಕಿದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ "ಆನ್‌ಲೈನ್ ಕೆಟ್ಟ ನಡತೆ" ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಇನ್ನು ಕಾರವಾರದ ಕದಂಬ ನೌಕಾನೆಲೆಯಂಥ ಕಡೆಯ ವಿಷಯವೇ ಬೇರೆ. ಮಾಹಿತಿ ಸೋರಿಕೆಯ ಪ್ರಕರಣ ಸಿಕ್ಕಿದ ಮೇಲೆ 2019ರ ಕೊನೆಯಲ್ಲಿ ನೌಕಾಪಡೆ ತನ್ನ ನೆಲೆಗಳಲ್ಲಿ ಸ್ಮಾರ್ಟ್‌ಫೋನ್, ಫೇಸ್‌ಬುಕ್ ಎರಡನ್ನೂ ನಿಷೇಧಿಸಿತು. ಅಲ್ಲಿ ವಾದಕ್ಕೆ ಜಾಗ ಇಲ್ಲ.

ಉಳಿದ ಕೆಲಸಗಳಲ್ಲಿ ನನಗೆ ನಮ್ಮ ಬಂದರಿನ ಪದ್ಧತಿಯೇ ಮೇಲು ಅನಿಸುತ್ತದೆ. ಅದರಲ್ಲೂ ಅನ್ಯಾಯ ಇಲ್ಲದಿಲ್ಲ. ಒಬ್ಬನ ಮೇಲೆ ಸಿಟ್ಟಿದ್ದವನು ವಿಚಾರಿಸಿದಾಗ ಸುಳ್ಳು ಹೇಳಿ ಕೆಲಸ ತಪ್ಪಿಸಿದ್ದೂ ಇದೆ. ಆದರೆ ಅಲ್ಲಿ ಮನುಷ್ಯನನ್ನು ಪೂರ್ತಿ ನೋಡುವ ಸಂದರ್ಭವಾದರೂ ಇರುತ್ತದೆ. ಹದಿನೆಂಟನೇ ವಯಸ್ಸಿನಲ್ಲಿ ಆಡಿದ ಮಾತನ್ನು ಇಪ್ಪತ್ತೆಂಟಕ್ಕೆ ಯಾರೂ ತೆಗೆಯುವುದಿಲ್ಲ. ನಮ್ಮ ಆಫೀಸಿನಲ್ಲಿ ಇದೇ ವಿಷಯಕ್ಕೆ ನನಗೂ ಎಚ್‌ಆರ್‌ಗೂ ವಾದ ನಡೆದೇ ಇದೆ. ಬೆದರಿಕೆ, ಧರ್ಮದ್ವೇಷ, ಹೆಂಗಸರ ಬಗ್ಗೆ ಹೊಲಸು ಕಂಡರೆ ಬಿಡಿ, ಬೇಡ ಅನ್ನಿ. ಆದರೆ ಕಾಲೇಜು ದಿನಗಳ ಕ್ರಿಕೆಟ್ ಜಗಳ, ಸಿನಿಮಾ ನಟರ ಅಭಿಮಾನಿಗಳ ಕಚ್ಚಾಟ, ರಾಜಕೀಯದ ಟೀಕೆ ಇವನ್ನೆಲ್ಲ ಹಿಡಿದು ಕೂರಬೇಡಿ. ಅನುಮಾನ ಬಂದರೆ ಹುಡುಗನನ್ನೇ ಕರೆದು, "ಇದೇನಪ್ಪಾ ಬರೆದಿದ್ದೀ?" ಅಂತ ಕೇಳಿ. ಕೇಳಿದಾಗ ಅವನು ಹೇಗೆ ಉತ್ತರ ಕೊಡುತ್ತಾನೆ ಎಂಬುದರಲ್ಲೇ ಅರ್ಧ ಇಂಟರ್‌ವ್ಯೂ ಆಗುತ್ತದೆ. ಇಷ್ಟು ನನ್ನ ವಾದ. ಅವರು ಹೇಳುವುದು, ಒಂದು ಹುದ್ದೆಗೆ ನೂರಾರು ಅರ್ಜಿ ಬರುವಾಗ ಕರೆದು ಕೇಳುತ್ತಾ ಕೂರಲು ಟೈಮ್ ಎಲ್ಲಿದೆ ಎಂದು. ಅದಕ್ಕೆ ನನ್ನ ಹತ್ತಿರವೂ ಸರಿಯಾದ ಉತ್ತರ ಇಲ್ಲ. ಸದ್ಯಕ್ಕೆ ಉತ್ತರ ಕನ್ನಡದ ಅರ್ಜಿಗಳನ್ನು ಮಾತ್ರ, ಪಕ್ಕಕ್ಕಿಡುವ ಮೊದಲು ನನಗೊಮ್ಮೆ ತೋರಿಸಲು ಒಪ್ಪಿದ್ದಾರೆ.