ಯಾರು ನೀವೆಂದು ಕೇಳದ ಸೌಜನ್ಯ

ಮತ್ತೆ ಅದೇ ಸಾಲು. ಲಾಗಿನ್ ಕೋಡ್ ಓದಲು ಕುಳಿತರೆ ನಡುವೆ ತಣ್ಣಗೆ ಮಲಗಿದೆ: ‘ವೆರಿಫೈ = ಫಾಲ್ಸ್’. ಎದುರಿನ ಸರ್ವರ್ ಯಾರೆಂದು ಪರಿಶೀಲಿಸಬೇಡ ಎಂದರ್ಥ. ಪಕ್ಕದಲ್ಲೊಂದು ಟಿಪ್ಪಣಿ, ‘ತಾತ್ಕಾಲಿಕ, ಆಮೇಲೆ ತೆಗೆಯಬೇಕು’. ಬರೆದವರು ಕೆಲಸ ಬಿಟ್ಟು ಆರು ವರ್ಷವಾಯಿತು. ತಾತ್ಕಾಲಿಕಕ್ಕೆ ಮಾತ್ರ ನೌಕರಿ ಕಾಯಂ.

ಎಂಥ ಸೌಜನ್ಯದ ಸಾಲು! ಎದುರಿನ ಸರ್ವರ್ ಗುರುತಿನ ಚೀಟಿಯಾಗಿ ತೋರಿಸುವ ಪ್ರಮಾಣಪತ್ರದ ಅವಧಿ ಮುಗಿದಿರಲಿ, ಹೆಸರು ಬೇರೆಯವರದಿರಲಿ, ಸಹಿ ತಾನೇ ಹಾಕಿಕೊಂಡದ್ದಿರಲಿ, ‘ಬನ್ನಿ, ಕುಳಿತುಕೊಳ್ಳಿ’ ಎಂದು ಪಾಸ್‌ವರ್ಡನ್ನು ಕೈಗಿಡುತ್ತದೆ. ಮಾತುಕತೆ ಗೂಢಲಿಪಿಯಲ್ಲೇ ನಡೆಯುತ್ತದೆ, ಅದರಲ್ಲಿ ಲೋಪವಿಲ್ಲ. ಕಳ್ಳನೊಂದಿಗೆ ಗುಟ್ಟಾಗಿ ಮಾತನಾಡುತ್ತಿದ್ದೇವೆ, ಅಷ್ಟೇ. ಇತ್ತ ಬಳಕೆದಾರ ದೊಡ್ಡಕ್ಷರ, ಅಂಕಿ, ಚಿಹ್ನೆ ಎಲ್ಲ ಬೆರೆಸಿ, ಓಟಿಪಿ ಒತ್ತಿ, ಸೊಟ್ಟ ಅಕ್ಷರಗಳನ್ನು ಓದಿ ತಾನು ಮನುಷ್ಯನೆಂದು ಸಾಬೀತುಪಡಿಸಬೇಕು. ಅವನ ಬ್ರೌಸರಿನಲ್ಲಿ ಬೀಗದ ಚಿತ್ರವೂ ಇದೆ, ಪಾಪ. ಹಿತ್ತಲಲ್ಲಿ ನಮ್ಮ ಸರ್ವರ್ ಅದೇ ಗುಟ್ಟನ್ನು ಯಾರ ಕೈಗೆ ದಾಟಿಸುತ್ತಿದೆ ಎಂಬುದು ಅವನಿಗೆ ಕಾಣುವುದಿಲ್ಲ.

ಪರಿಶೀಲನೆ ಬೇಕೆಂದವರೂ ಹಿಂದೊಮ್ಮೆ ಬೇಸ್ತು ಬಿದ್ದಿದ್ದರು. ಸರ್ವರುಗಳೊಂದಿಗೆ ಮಾತಾಡಲು ಬಳಸುವ ಸಿದ್ಧ ಕೋಡು ಕರ್ಲ್ ಲೈಬ್ರರಿ. ಅದರಲ್ಲಿ ಪತ್ರದ ಹೆಸರನ್ನು ಸರ್ವರಿನ ಹೆಸರಿನೊಂದಿಗೆ ತಾಳೆ ನೋಡಬೇಕಾದರೆ 2 ಎಂದು ಬರೆಯಬೇಕಿತ್ತು. ಪಿಎಚ್‌ಪಿ ಭಾಷೆಯಲ್ಲಿ ಕೋಡ್ ಬರೆಯುವವರು ನಂಬಿಕೆಯಿಂದ ‘ಟ್ರೂ’, ಅಂದರೆ ಹೌದು, ಎಂದು ಬರೆದರು. ಅದು ಒಳಗೆ 1 ಆಯಿತು. 1 ಎಂದರೆ ಪತ್ರದಲ್ಲಿ ಹೆಸರೊಂದಿದ್ದರೆ ಸಾಕು, ಯಾರದ್ದಾದರೂ ಸರಿ! ಸಂಶೋಧಕರು ಬೆರಳಿಟ್ಟು ತೋರಿಸಿದ ಮೇಲೆ, 2012ರಲ್ಲಿ, ಕರ್ಲ್ ಆ 1ಕ್ಕೆ ತಿಲಾಂಜಲಿ ಇಟ್ಟಿತು. 2014ರ ಡಿಸೆಂಬರಿನಲ್ಲಿ ಬಂದ ಪೈಥಾನ್ ಭಾಷೆಯ 2.7.9 ಆವೃತ್ತಿ ಯಾರೂ ಹೇಳದೆಯೇ ಪ್ರಮಾಣಪತ್ರ ಪರಿಶೀಲಿಸತೊಡಗಿತು. ನಮ್ಮವರು ಅದನ್ನು ನಿಲ್ಲಿಸುವ ಸಾಲನ್ನು ಹುಡುಕತೊಡಗಿದರು.

ನನ್ನ ಮುಂದಿರುವ ಕೋಡಿನಲ್ಲಿ ಇನ್ನೂ ಒಂದು ಸಾಲಿದೆ. ಪರಿಶೀಲನೆ ನಿಲ್ಲಿಸಿದಾಗ ಪೈಥಾನಿನ ಲೈಬ್ರರಿ ಎಚ್ಚರಿಕೆ ಕೊಡುತ್ತದೆ; ಆ ಎಚ್ಚರಿಕೆಯನ್ನೂ ಅಡಗಿಸುವ ಸಾಲು ಅದು. ನಾಯಿ ಬೊಗಳಿತೆಂದು ಅದರ ಬಾಯಿ ಕಟ್ಟಿದ್ದಾರೆ.

ಇಷ್ಟಕ್ಕೂ ಆಗಬೇಕಾದದ್ದೇನು? ಉಳಿದ ಪತ್ರಗಳು ಅಸಲಿಯೇ ಎಂದು ತಾಳೆ ನೋಡಲು ಬೇಕಾದ ಸಂಸ್ಥೆಯ ಸ್ವಂತ ಮೂಲ ಪ್ರಮಾಣಪತ್ರ ಯಂತ್ರದಲ್ಲಿಲ್ಲದಿದ್ದರೆ ‘ಫಾಲ್ಸ್’ ಇರುವ ಜಾಗದಲ್ಲಿ ಆ ಕಡತದ ವಿಳಾಸ ಬರೆಯಬೇಕು. ಒಂದು ಸಾಲು! ಅಷ್ಟು ಮಾಡಲು ಸೋಮಾರಿತನ. ಜನ ನಂಬಿ ಕೊಟ್ಟ ಗುಟ್ಟು ಅದು, ನಿಮ್ಮ ಅಪ್ಪನ ಆಸ್ತಿಯಲ್ಲ.

ಎರಡೂ ಸಾಲುಗಳನ್ನು ತೆಗೆದೆ. ಲಾಗಿನ್ ನಿಂತಿತು. ನೋಡಿದರೆ ಎದುರಿನ ಸರ್ವರಿನ ಪ್ರಮಾಣಪತ್ರ ಸತ್ತು ಹದಿನಾಲ್ಕು ತಿಂಗಳಾಗಿತ್ತು. ಮಧ್ಯಾಹ್ನ ಮೇಲಿನವರಿಂದ ಫೋನ್ ಬಂತು: ‘ಲಾಗಿನ್ ಕೆಡಿಸಿದ್ದು ನೀವೇನಾ?’