ಗಣಪನ ಪಾಲಾದ ಲಾನು

ಇವತ್ತು ಸಂಕಷ್ಟಿ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರೋಣ ಅಂತ ಬಾಗಿಲು ತೆಗೆದರೆ, ನಮ್ಮ ಲಾನಿನಲ್ಲಿ ಪಕ್ಕದ ಮನೆ ಮೇಷ್ಟ್ರು ಕುಕ್ಕರಗಾಲಲ್ಲಿ ಕೂತಿದ್ದಾರೆ. ಎಡಗೈಯಲ್ಲಿ ಹಿತ್ತಾಳೆ ತಟ್ಟೆ. ಬಾಯಲ್ಲಿ ‘ಹದಿನೇಳು... ಹದಿನೆಂಟು...’

ಆ ಜಾಗದ ಕಥೆ ಹೇಳಲೇಬೇಕು. ಮಗಳ ನಾಮಕರಣಕ್ಕೆ ಅಡುಗೆಯವರು ಒಲೆ ಹೂಡಿದ್ದು ಅಲ್ಲೇ. ಊಟ ಚೆನ್ನಾಗಿತ್ತು ಅಂತ ನೆಂಟರು ಈಗಲೂ ಹೇಳ್ತಾರೆ. ಹುಲ್ಲು ಮಾತ್ರ ಒಂದು ಚಾಪೆಯಗಲ ಸುಟ್ಟು ಬೋಳಾಯಿತು. ಹಾಸನದ ಮಳೆಗೆ ತಾನೇ ಚಿಗುರುತ್ತೆ ಅಂದುಕೊಂಡೆ. ಚಿಗುರಿತು, ಕಾಂಗ್ರೆಸ್ ಗಿಡ.

ಕೊನೆಗೆ ಬರ್ಮುಡಾ ಹುಲ್ಲಿನ ಬೀಜ ತಂದೆ. ಅಗೆದು, ಗೊಬ್ಬರ ಬೆರೆಸಿ, ಮಟ್ಟ ಮಾಡಿದೆ. ರಾಗಿಗಿಂತ ಸಣ್ಣ ಬೀಜ. ಹಾಗೇ ಎರಚಿದರೆ ಒಂದೇ ಕಡೆ ಸುರಿಯುತ್ತೆ ಅಂತ ಮರಳಲ್ಲಿ ಕಲಸಿ ಎರಚಿ, ಒದ್ದೆ ಗೋಣಿತಾಟು ಹೊದಿಸಿದೆ. ಊರಿಂದ ಬಂದಿದ್ದ ಅಪ್ಪ ಪೊಟ್ಟಣದ ಚಿತ್ರ ನೋಡಿ, “ಇದು ಗರಿಕೆ ಅಲ್ವೇನ್ಲಾ?” ಅಂದರು.

ಗರಿಕೆಯೇ. ಬರ್ಮುಡಾ ಅನ್ನೋದು ಅದರ ಪೇಟೆ ಹೆಸರು.

“ಇದನ್ನ ಕಿತ್ತೂ ಕಿತ್ತೂ ನನ್ ಸೊಂಟ ಬಿದ್ದೋಯ್ತು. ನೀನು ಕಾಸು ಕೊಟ್ಟು ಬಿತ್ತೀಯಾ?”

ಏನು ಹೇಳಲಿ? ಆಲೂಗಡ್ಡೆ ಹೊಲದಿಂದ ಕಿತ್ತು ಬದುವಿನ ಮೇಲೆ ಒಣಗಲು ಹಾಕಿದ ಗರಿಕೆ ಒಂದು ಮಳೆಗೆ ಮತ್ತೆ ಬೇರು ಬಿಡುತ್ತಿದ್ದದ್ದು ನನಗೂ ನೆನಪಿದೆ. ಆ ಹೊಲ ಈಗ ಸೈಟುಗಳಾಗಿದೆ. ಅಲ್ಲೂ ಯಾರೋ ಲಾನಿಗೆ ನೀರು ಹಾಕುತ್ತಿರಬಹುದು.

ಹತ್ತು ದಿನ ಏನೂ ಇಲ್ಲ. ಇರುವೆಗಳು ಮಾತ್ರ ಸಾಲಾಗಿ ಬೀಜ ಹೊತ್ತು ಮೇಷ್ಟ್ರ ಕಾಂಪೌಂಡಿನ ಕಡೆ ಹೊರಟಿದ್ದವು. ಹನ್ನೆರಡನೇ ದಿನ ಹಸಿರು ಕಂಡಿತು. ಎರಡಂಗುಲ ಬರಲಿ, ಆಮೇಲೆ ಮೊದಲ ಕಟಿಂಗ್ ಅಂತ ಕಾದೆ. ಕಟಿಂಗ್ ಮೇಷ್ಟ್ರು ಮಾಡಿದರು.

ಅವರ ಗಣಪನಿಗೆ ಇಪ್ಪತ್ತೊಂದೇ ಬೇಕು, ಒಂದೊಂದಕ್ಕೂ ಮೂರು ಎಸಳಿರಬೇಕು. ಎರಡೇ ಇದ್ದದ್ದನ್ನು ಕಿತ್ತು, ಕನ್ನಡಕದ ಹತ್ತಿರ ಹಿಡಿದು ನೋಡಿ, ಪಕ್ಕಕ್ಕೆ ಹಾಕುತ್ತಾರೆ. ಹಳೆ ಗರಿಕೆಯಾದರೆ ತುದಿ ಚಿವುಟಬಹುದು. ಇದು ಎಳೇದು, ಬೇರು ಸಮೇತ ಬರುತ್ತೆ. ಇವತ್ತು ನಾನು ತಡೆಯಲಾರದೆ “ನಮಸ್ಕಾರ ಮೇಷ್ಟ್ರೇ” ಅಂದೆ. ಅದೇ ತಪ್ಪಾಯ್ತು.

“ಛೆ! ಎಷ್ಟಕ್ಕೆ ಬಂದಿದ್ದೆ?”

“ಹದಿನೆಂಟು ಸಾರ್.”

“ನೀವು ಎಣಿಸಿದ್ದು ಪೂಜೆಗೆ ಬರಲ್ಲ,” ಅಂತ ತಟ್ಟೆ ಬೋರಲು ಹಾಕಿ ಮತ್ತೆ ಒಂದರಿಂದ ಶುರು.

“ನಿಮ್ಮ ಟೈಲ್ಸ್ ಸಂದಿಯಲ್ಲೇ ದಟ್ಟವಾಗಿ ಬೆಳೆದಿದೆಯಲ್ಲ ಸಾರ್?”

“ಅದು ತುಳಿದದ್ದು. ದೇವರಿಗೆ ಆಗಲ್ಲ.”

ನನಗೆ ಮೂರನೇ ತರಗತಿಯಲ್ಲಿ ಮಗ್ಗಿ ಕಲಿಸಿದವರು ಅವರು. ಇನ್ನೇನು ಹೇಳಲಿ? ಎದ್ದು ಹೊರಟವರು ಗೇಟಿನ ಹತ್ತಿರ ತಿರುಗಿ, “ಇನ್ನು ಹದಿನೈದು ದಿನಕ್ಕೆ ಚೌತಿ. ಬೀದಿ ಗಣಪತಿಗೆ ಸಾವಿರದೆಂಟು ಬೇಕಂತೆ. ಹುಡುಗರಿಗೆ ನಿಮ್ಮ ಮನೆ ತೋರಿಸಿದ್ದೀನಿ,” ಅಂದರು.

ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಅಪ್ಪ ಲೋಟ ಕೆಳಗಿಟ್ಟರು.

“ಇಂಥ ಒಂದಾಳು ಆಗ ಸಿಕ್ಕಿದ್ದಿದ್ರೆ ನನ್ ಸೊಂಟ ಉಳೀತಿತ್ತು ಕಣ್ಲಾ.”